ಶ್ರೀಮತಿ ಸ್ನೇಹಲತಾ ರೆಡ್ಡಿಯವರು

ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಮಹನೀಯರ ಜೀವನ ಚರಿತ್ರೆಗಳು ಪ್ರಕಟವಾಗುವುದು ಬಹುಕಾಲದ ವಾಡಿಕೆ. ಬಹುಮಟ್ಟಿಗೆ ನಾವು ಆರಿಸಿಕೊಳ್ಳುವುದು ಗೆದ್ದವರನ್ನು. ರಾಜ್ಯ ಕಟ್ಟಿದವರು, ಅಣೆಕಟ್ಟು ಕಟ್ಟಿದವರು, ಮತಗಳನ್ನು ಸ್ಥಾಪಿಸಿದವರು ನಮ್ಮ ಲೇಖನಿಗೆ ಸುಲಭವಾಗಿ ಒದಗುತ್ತಾರೆ. ಈ ಲೇಖನದ ನಾಯಕಿ ಅಂತಹವರಲ್ಲ. ಆಕೆ ಒಬ್ಬ ನಟಿ, ಮನೆಯ ಗೃಹಿಣಿ, ಇಬ್ಬರು ಮಕ್ಕಳ ತಾಯಿ. ಯಾವ ನ್ಯಾಯಾಲಯವೂ ಆಕೆಯನ್ನು ಅಪರಾಧಿ ಎಂದು ಹೇಳಲಿಲ್ಲ. ಆದರೂ ಎಂಟು ತಿಂಗಳ ಕಾಲ ಬೆಂಗಳೂರಿನ ಸೆರೆಮನೆಯಲ್ಲಿದ್ದು, ಹೊರಬಂದ ಐದನೆಯ ದಿನ ತೀರಿಕೊಂಡರು. ‘ಸಂಸ್ಕಾರ’ವನ್ನು ಓದಿದ ಅಥವಾ ನೋಡಿದ ನಮ್ಮ ಮಿತ್ರರಿಗೆ ಆಕೆಯನ್ನು ಗುರುತಿಸುವುದು ಕಷ್ಟವಲ್ಲ. ಆ ಚಿತ್ರದಲ್ಲಿ ಚಂದ್ರಿಯಾಗಿ ಅಭಿನಯಿಸಿದ ಸ್ನೇಹಲತಾ ರೆಡ್ಡಿಯವರೇ ಆಕೆ.

ಸ್ನೇಹಲತಾ ಅವರು ಹುಟ್ಟಿದುದು ೧೯೩೨ರಲ್ಲಿ, ಕ್ರೈಸ್ತ ಮತವನ್ನು ಸ್ವೀಕರಿಸಿದ್ದ ಒಂದು ಮನೆತನದಲ್ಲಿ. ಪರಂಗಿಯವರ ಆಳ್ವಿಕೆಯನ್ನು ಎಳೆಯ ವಯಸ್ಸಿನಿಂದಲೇ ಸಹಿಸದ ಸ್ವಭಾವ ಅವರದು. ತಮಗಿದ್ದ ಪಾಶ್ಚಾತ್ಯ ಹೆಸರನ್ನು ಬಿಟ್ಟು ಭಾರತೀಯ ಹೆಸರನ್ನು ಇಟ್ಟುಕೊಂಡರು. ದೇಶೀಯ ಉಡುಪನ್ನೇ ಉಟ್ಟರು. ಭರತನಾಟ್ಯವನ್ನು ಶ್ರದ್ಧೆಯಿಂದ ಕಲಿತರು. ಮುಂದೆ ಅವರ ಕೈಹಿಡಿದವರು ತೆಲುಗಿನ ಕವಿ ಪಟ್ಟಾಭಿರಾಮ ರೆಡ್ಡಿಯವರು. ೧೯೩೯ರಲ್ಲಿಯೇ ಹೊಸ ರೀತಿಯ ಒಂದು ಕವನ ಸಂಕಲನವನ್ನು ಹೊರತಂದು ತೆಲುಗು ಸಾಹಿತ್ಯಲೋಕದಲ್ಲಿ ಗದ್ದಲವೆಬ್ಬಿಸಿದ್ದ ಪಟ್ಟಾಭಿಯವರು ಆಮೇಲೆ ಚಲನಚಿತ್ರ ಕ್ಷೇತ್ರಕ್ಕೆ ಬಂದರು. ಪತಿ ಪತ್ನಿಯರಿಬ್ಬರೂ ಡಾಕ್ಟರ್ ರಾಮಮನೋಹರ ಲೋಹಿಯಾ ಅವರ ವಿಚಾರಗಳಿಗೆ ಮನಸೋತವರು. ಜಾತಿಯ ಮೇಲು ಕೀಳು, ಗಂಡು ಹೆಣ್ಣಿನ ನಡುವಣ ಅಸಮಾನತೆ, ಅಧಿಕಾರದ ದರ್ಪ ಇವುಗಳನ್ನು ಒಟ್ಟೊಟ್ಟಿಗೆ ಎದುರಿಸಬೇಕೆಂಬ ಲೋಹಿಯಾ ಅವರ ಬೋಧನೆ ಆ ಮನೆಯ ನಿತ್ಯದ ಮಾತುಕತೆಯಾಗಿದ್ದಿತು.

ಮದರಾಸಿನಲ್ಲಿದ್ದಾಗ ಸ್ನೇಹಲತಾ ಅವರು ‘ಮದ್ರಾಸ್ ಪ್ಲೇಯರ್ಸ್’ ಎಂಬ ನಾಟಕ ಮಂಡಲಿಯನ್ನು ಕಟ್ಟುವುದರಲ್ಲಿ ಕೈಜೋಡಿಸಿದರು. ಇಬ್ಸನ್, ಷೇಕ್ಸ್‌ಪಿಯರ್, ಆರ್ಥರ್ ಮಿಲ್ಲರ್ ಮೊದಲಾದವರ ನಾಟಕಗಳು ಆ ಮಂಡಲಿಯಿಂದ ರಂಗಕ್ಕೆ ಬಂದುವು. ಆಕೆ ನಟಿಯೂ ಹೌದು, ಬೇರೆಯವರಿಂದ ಆಡಿಸುವವರೂ ಹೌದು.

ಕನ್ನಡಿಗರಾದ ನಮಗೆ ಆಕೆ ಹತ್ತಿರದವರಾದುದು ೧೯೭೦ರಲ್ಲಿ. ಯು. ಆರ್. ಅನಂತಮೂರ್ತಿಯವರು ೧೯೬೫ರಲ್ಲಿ ಪ್ರಕಟಿಸಿದ ‘ಸಂಸ್ಕಾರ’ ಕಾದಂಬರಿಯನ್ನು ಪಟ್ಟಾಭಿರಾಮ ರೆಡ್ಡಿಯವರು ಚಿತ್ರವಾಗಿ ತೆಗೆದರು. ಪ್ರಾಣೇಶಾಚಾರ್ಯರ ಪಾತ್ರ ಗಿರೀಶ ಕಾರ್ನಾಡರದು; ನಾರಣಪ್ಪನ ಪಾತ್ರ ಪಿ. ಲಂಕೇಶರದು. ಛಾಯಾಗ್ರಾಹಕ ಟಾಮ್ ಕೋವನ್ ಆಸ್ಟ್ರೇಲಿಯದವರು. ಶೃಂಗೇರಿಯ ಸಮೀಪದ ವೈಕುಂಠಪುರ ಎಂಬ ಅಗ್ರಹಾರದಲ್ಲಿ ಚಿತ್ರೀಕರಣ ನಡೆಯಿತು. ಹೆಣದ ಸಂಸ್ಕಾರ ಮಾಡುವವರು ಯಾರೆಂದು ಇಡೀ ಅಗ್ರಹಾರ ಧರ್ಮಶಾಸ್ತ್ರದ ತಿರುವು ಹಾಕುತ್ತಿರುವಾಗ, ಸತ್ತವನೂ ಮನುಷ್ಯನೇ ಎಂದು ಅರಿತಿರುವವಳು ಚಂದ್ರಿಯೊಬ್ಬಳೇ. ಮಾತು ಕಡಿಮೆಯ ಆ ಪಾತ್ರವನ್ನು ಸ್ನೇಹಲತಾ ಅವರು ಕಣ್ಣಿನಲ್ಲಿಯೇ ನಿರ್ವಹಿಸಿದರು. ಸೆನ್ಸಾರ್ ಮಂಡಲಿಯು ಮೊದಲು ಆ ಚಿತ್ರವನ್ನು ನಿಷೇಧಿಸಿತು; ನಿಷೇಧ ತೆರವಾದ ಮೇಲೆ ಅದೇ ಚಿತ್ರ ರಾಷ್ಟ್ರಪತಿಗಳ ಸ್ವರ್ಣಕಮಲವನ್ನು ಪಡೆಯಿತು. ಕನ್ನಡ ಚಿತ್ರವೊಂದಕ್ಕೆ ಆ ಮನ್ನಣೆ ದೊರೆತುದು ಅದೇ ಮೊದಲು.

ಇಷ್ಟೇ ಆಗಿದ್ದರೆ ಇದು ಕಲಾವಿದೆಯೊಬ್ಬರ ಚರಿತ್ರೆಯಾಗಿ ಮುಗಿಯುತ್ತಿದ್ದಿತು. ಆದರೆ ೧೯೭೫ರ ಜೂನ್ ೨೫ರ ರಾತ್ರಿ ದೇಶದಲ್ಲಿ ತುರ್ತು ಪರಿಸ್ಥಿತಿಯ ಘೋಷಣೆಯಾಯಿತು. ಪತ್ರಿಕೆಗಳ ಮೇಲೆ ಸೆನ್ಸಾರ್ ಬಂದಿತು. ಮರುದಿನ ಬೆಂಗಳೂರಿನಲ್ಲಿಯೇ, ಸಂಸತ್ತಿನ ಸಮಿತಿಯೊಂದರ ಕೆಲಸಕ್ಕಾಗಿ ಬಂದಿದ್ದ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಮೊದಲಾದವರ ಬಂಧನವಾಯಿತು. ಆಂತರಿಕ ಭದ್ರತೆಯ ಹೆಸರಿನ ಒಂದು ಕಾಯಿದೆ, ಜನರ ಬಾಯಲ್ಲಿ ‘ಮೀಸಾ’, ವಿಚಾರಣೆಯಿಲ್ಲದೆ ಯಾರನ್ನು ಬೇಕಾದರೂ ಸೆರೆಯಲ್ಲಿಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿದ್ದಿತು. ಬಂಧಿತರು ಹೈಕೋರ್ಟುಗಳಿಗೆ ಮೊರೆಹೊಕ್ಕರು. ನಮ್ಮ ಕರ್ನಾಟಕದ ಹೈಕೋರ್ಟೂ ಸೇರಿದಂತೆ ಹಲವು ಹೈಕೋರ್ಟುಗಳು ಅಂತಹ ಅರ್ಜಿಗಳನ್ನು ಕೇಳಬಹುದೆಂದು ಹೇಳಿದುವು. ಆದರೆ ೧೯೭೬ರ ಏಪ್ರಿಲ್ ೨೮ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು, ತುರ್ತು ಪರಿಸ್ಥಿತಿ ಇರುವವರೆಗೆ ಬಂಧಿತನಿಗೆ ಆ ದಾರಿ ಇಲ್ಲವೆಂದು ತೀರ್ಪಿತ್ತರು. ನ್ಯಾಯಮೂರ್ತಿ ಎಚ್. ಆರ್. ಖನ್ನಾ ಅವರೊಬ್ಬರು ಮಾತ್ರ ಭಿನ್ನಮತವನ್ನು ಬರೆದರು. ಈ ತಾರೀಖನ್ನು ವಾಚಕರು ನೆನಪಿನಲ್ಲಿಡಬೇಕು. ಏಕೆಂದರೆ ಅದಾದ ನಾಲ್ಕೇ ದಿನಗಳಿಗೆ, ಮೇ ೨ರಂದು, ಸ್ನೇಹಲತಾ ಅವರ ಬಂಧನವಾಯಿತು. ನ್ಯಾಯಾಲಯದ ಬಾಗಿಲು ಮುಚ್ಚಿದ ಮೇಲೆ ಆಕೆ ಸೆರೆಮನೆಯ ಬಾಗಿಲನ್ನು ಹೊಕ್ಕರು.

ಬಂಧನದ ಕಾರಣ ಹೀಗಿತ್ತು. ಮಂಗಳೂರಿನವರಾದ ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸರು ಆಗ ಭೂಗತರಾಗಿದ್ದು ಸರ್ಕಾರದ ವಿರುದ್ಧ ಚಳುವಳಿ ನಡೆಸುತ್ತಿದ್ದರು. ರೆಡ್ಡಿ ದಂಪತಿಗಳು ಅವರ ಹಳೆಯ ಸ್ನೇಹಿತರು. ಸರ್ಕಾರಿ ಕಟ್ಟಡಗಳನ್ನೂ ರೈಲು ಮಾರ್ಗಗಳನ್ನೂ ಸ್ಫೋಟಿಸಲು ಸಿಡಿಮದ್ದು ಸಂಗ್ರಹಿಸಿದರೆಂಬ ಆಪಾದನೆಯ ಮೇಲೆ ನಡೆದ ಬರೋಡಾ ಡೈನಮೈಟ್ ಮೊಕದ್ದಮೆಗೆ ಸ್ನೇಹಲತಾ ಅವರ ಹೆಸರನ್ನು ಸೇರಿಸಲಾಯಿತು. ಆದರೆ ಸೆಪ್ಟೆಂಬರಿನಲ್ಲಿ ಫರ್ನಾಂಡಿಸ್ ಮತ್ತು ಇತರ ೨೪ ಮಂದಿಯ ಮೇಲೆ ಆರೋಪಪಟ್ಟಿ ಸಲ್ಲಿಕೆಯಾದಾಗ ಅದರಲ್ಲಿ ಆಕೆಯ ಹೆಸರೇ ಇರಲಿಲ್ಲ. ಮೊಕದ್ದಮೆ ಬಿಟ್ಟುಹೋಯಿತು, ಸೆರೆ ಬಿಡಲಿಲ್ಲ. ಮೀಸಾ ಬಂದಿಗೆ ಆರೋಪವೇ ಬೇಕಾಗಿರಲಿಲ್ಲ.

ಆಗಿನ ಬೆಂಗಳೂರು ಕೇಂದ್ರ ಕಾರಾಗೃಹವು ಇಂದು ಫ್ರೀಡಂ ಪಾರ್ಕ್ ಇರುವ ಸ್ಥಳದಲ್ಲಿದ್ದಿತು. ಅಲ್ಲಿ ಆಕೆಯನ್ನು ಒಬ್ಬಂಟಿಯಾಗಿ ಒಂದು ಕಿರುಕೋಣೆಯಲ್ಲಿರಿಸಿದರು. ಕೋಣೆಯ ಒಂದು ಕೊನೆಯಲ್ಲಿ ನೆಲದಲ್ಲಿ ಕೊರೆದ ಕಂಡಿಯೇ ಪಾಯಖಾನೆ. ಇನ್ನೊಂದು ಕೊನೆಯಲ್ಲಿ ಕಬ್ಬಿಣದ ಸರಳಿನ ಬಾಗಿಲು. ಆಕೆಗೆ ಬಹುಕಾಲದಿಂದ ಉಬ್ಬಸದ ಕಾಯಿಲೆ. ಉಬ್ಬಸವನ್ನು ಕಂಡವರಿಗೆ ಗೊತ್ತು: ರೋಗಿಗೆ ಮೊದಲು ಬೇಕಾದುದು ಒಳ್ಳೆಯ ಗಾಳಿ, ಹೊತ್ತಿಗೆ ಸರಿಯಾಗಿ ಔಷಧ, ಹತ್ತಿರದಲ್ಲಿ ಒಬ್ಬರು ಮನುಷ್ಯರು. ಈ ಮೂರೂ ಅಲ್ಲಿ ದುರ್ಲಭವಾಗಿದ್ದುವು. ಅದೇ ಸೆರೆಮನೆಯ ಮತ್ತೊಂದು ಭಾಗದಲ್ಲಿದ್ದ ಮಧು ದಂಡವತೆಯವರು, ರಾತ್ರಿಯ ನಿಶ್ಶಬ್ದದಲ್ಲಿ ಆಕೆಯ ಚೀತ್ಕಾರ ತಮಗೆ ಕೇಳಿಬರುತ್ತಿದ್ದಿತೆಂದು ಮುಂದೆ ಬರೆದಿದ್ದಾರೆ. ಇಂತಹ ಸ್ಥಿತಿಯಲ್ಲಿಯೂ ಆಕೆ ಸುಮ್ಮನಿರಲಿಲ್ಲ. ಸಹಬಂದಿಗಳಾದ ಬಡ ಹೆಂಗಸರನ್ನು ಹೊಡೆಯುವುದನ್ನು ಪ್ರತಿಭಟಿಸಿದರು. ಅವರ ಊಟ ಸುಧಾರಿಸಬೇಕೆಂದು ಹಟ ಹಿಡಿದರು. ಅವರಿಗೆ ಹಾಡು ಹೇಳಿಕೊಟ್ಟರು, ನಾಟಕವಾಡಿಸಿದರು. ಒಂದು ದಿನಚರಿಯನ್ನೂ ಬರೆದರು. ಮದರಾಸಿನ ರಂಗಭೂಮಿಯಲ್ಲಿ ಕಲಿತ ವಿದ್ಯೆ ಕೊನೆಯದಾಗಿ ಪ್ರಯೋಜನಕ್ಕೆ ಬಂದುದು ಆ ಗೋಡೆಗಳ ನಡುವೆ.

ಇಲ್ಲಿ ಸ್ವಲ್ಪ ಹೊತ್ತು ಸೆರೆಮನೆಯನ್ನು ಬಿಟ್ಟು ಹೊರಗಣ ಲೋಕವನ್ನು ನೋಡುವುದು ಅವಶ್ಯಕ. ಒಂದು ದೇಶದ ಸರ್ಕಾರ ತನ್ನ ಪ್ರಜೆಗಳನ್ನು ಹಿಂಸಿಸಿದರೆ ಬೇರೆಯ ದೇಶಗಳು ಅದನ್ನು ಕೇಳಬಹುದೆ? ಕೇಳಬಹುದು ಎಂದು ಲೋಕಕ್ಕೆ ಹೇಳಿಕೊಟ್ಟವರಲ್ಲಿ ನಾವೂ ಮೊದಲಿಗರು. ೧೯೪೬ರಲ್ಲಿ, ವಿಶ್ವಸಂಸ್ಥೆ ಹುಟ್ಟಿ ಒಂದು ವರ್ಷವಾಗಿದ್ದಾಗಲೇ, ದಕ್ಷಿಣ ಆಫ್ರಿಕದಲ್ಲಿ ಭಾರತೀಯರಿಗಾಗುತ್ತಿದ್ದ ಅನ್ಯಾಯವನ್ನು ವಿಜಯಲಕ್ಷ್ಮಿ ಪಂಡಿತರ ನೇತೃತ್ವದ ನಮ್ಮ ನಿಯೋಗವು ಮಹಾಸಭೆಯ ಮುಂದಿಟ್ಟಿತು. ಅದು ತನ್ನ ಮನೆಯ ವಿಷಯವೆಂದು ದಕ್ಷಿಣ ಆಫ್ರಿಕ ವಾದಿಸಿತು; ಆ ವಾದವನ್ನು ನಾವು ಒಪ್ಪಲಿಲ್ಲ. ೧೯೭೧ರಲ್ಲಿ ಪಾಕಿಸ್ತಾನದ ಸೈನ್ಯಾಧಿಕಾರಿ ಯಾಹ್ಯಾ ಖಾನರ ಸರ್ಕಾರ ಪೂರ್ವ ಬಂಗಾಳದಲ್ಲಿ ಕೊಲೆ ಸುಲಿಗೆಗಳನ್ನು ನಡೆಸಿ, ಸುಮಾರು ಒಂದು ಕೋಟಿ ನಿರಾಶ್ರಿತರು ನಮ್ಮ ದೇಶಕ್ಕೆ ಬಂದಾಗ, ಪ್ರಧಾನಿ ಇಂದಿರಾ ಗಾಂಧಿಯವರು ಅಕ್ಟೋಬರ್ ನವೆಂಬರ್ ತಿಂಗಳುಗಳಲ್ಲಿ ವಿಯೆನ್ನಾ, ಲಂಡನ್, ವಾಷಿಂಗ್ಟನ್, ಪ್ಯಾರಿಸ್, ಬಾನ್ ನಗರಗಳಿಗೆ ಹೋದರು. ಆ ಸೈನಿಕ ಸರ್ವಾಧಿಕಾರಿಯ ಮೇಲೆ ಒತ್ತಡ ತನ್ನಿರೆಂದು ಅಲ್ಲಿಯ ಮುಖಂಡರನ್ನು ಕೇಳಿಕೊಂಡರು. ಆಸ್ಟ್ರಿಯದಲ್ಲಿ ಆಕೆ ಕಂಡುದು ಬ್ರೂನೊ ಕ್ರೈಸ್ಕಿಯವರನ್ನು, ಜರ್ಮನಿಯಲ್ಲಿ ವಿಲಿ ಬ್ರಾಂಟ್ ಅವರನ್ನು.

ಇಂತಹ ಒತ್ತಡ ಫಲ ಕೊಡುವುದೂ ಉಂಟು. ಗ್ರೀಸ್ ದೇಶದಲ್ಲಿ ೧೯೬೭ರ ಏಪ್ರಿಲ್‌ನಲ್ಲಿ ಕೆಲವು ಸೈನ್ಯಾಧಿಕಾರಿಗಳು ಅಧಿಕಾರವನ್ನು ಕಿತ್ತುಕೊಂಡು ಜನರನ್ನು ಚಿತ್ರಹಿಂಸೆಗೆ ಗುರಿಮಾಡಿದಾಗ, ಡೆನ್ಮಾರ್ಕ್, ನಾರ್ವೆ, ಸ್ವೀಡನ್, ನೆದರ್‌ಲೆಂಡ್ಸ್ ದೇಶಗಳು ಯುರೋಪಿನ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಟ್ಟುವು. ಹೊರದಬ್ಬುವ ನಿರ್ಣಯ ಬರುವ ಹೊತ್ತಿಗೆ, ೧೯೬೯ರ ಡಿಸೆಂಬರಿನಲ್ಲಿ, ಗ್ರೀಸ್ ಯುರೋಪಿನ ಮಂಡಲಿಯಿಂದ ತಾನೇ ಎದ್ದು ನಡೆಯಬೇಕಾಯಿತು. ೧೯೭೪ರಲ್ಲಿ ಆ ಸರ್ಕಾರ ಬಿದ್ದಿತು. ಅಲ್ಲಿಯೂ ಒಬ್ಬ ನಟಿಯಿದ್ದರು. ಮೆಲೀನಾ ಮೆರ್ಕೂರಿ ಎಂಬ ಆ ಖ್ಯಾತ ತಾರೆಯ ಪೌರತ್ವವನ್ನು ಸೈನಿಕರು ಕಿತ್ತುಕೊಂಡರು. ಆಕೆ ಹೊರದೇಶಗಳಲ್ಲಿ ತಿರುಗಿ ತನ್ನ ಜನರ ದುಃಖವನ್ನು ಸಾರಿದರು. ಮುಂದೆ ಅದೇ ಗ್ರೀಸಿನ ಸಂಸ್ಕೃತಿ ಸಚಿವೆಯಾದರು. ಚಿಲಿ ದೇಶದಲ್ಲಿ ೧೯೭೩ರ ಸೆಪ್ಟೆಂಬರ್ ೧೧ರಂದು ಪಿನೊಚೆ ಎಂಬ ಸೇನಾನಿ ರಾಜ್ಯವನ್ನು ವಶಪಡಿಸಿಕೊಂಡ ಮೇಲೆ, ಅಲ್ಲಿಯ ಸೆರೆಮನೆಗಳನ್ನು ಕುರಿತು ವಿಚಾರಿಸಲು ವಿಶ್ವಸಂಸ್ಥೆ ೧೯೭೫ರಲ್ಲಿ ಒಂದು ತಂಡವನ್ನೇ ನೇಮಿಸಿತು. ಅದೇ ವರ್ಷ ಡಿಸೆಂಬರ್ ೯ರಂದು ಚಿತ್ರಹಿಂಸೆಯ ವಿರುದ್ಧ ಮಹಾಸಭೆಯ ಘೋಷಣೆ ಹೊರಟಿತು. ಸ್ನೇಹಲತಾ ಅವರ ಬಂಧನಕ್ಕೆ ಆಗ ಇನ್ನು ಐದು ತಿಂಗಳೂ ಇರಲಿಲ್ಲ.

ನಮ್ಮಲ್ಲಿದ್ದುದು ಸೈನಿಕ ಸರ್ಕಾರವಲ್ಲ. ಜನರೇ ಆರಿಸಿದ ಸರ್ಕಾರ. ಆದರೆ ಸೆರೆಕೋಣೆಯ ಒಳಗಿರುವವರಿಗೆ ಬೀಗ ಹಾಕಿದವನು ಸಮವಸ್ತ್ರ ತೊಟ್ಟಿದ್ದಾನೆಯೇ ಖಾದಿ ತೊಟ್ಟಿದ್ದಾನೆಯೇ ಎಂಬುದರಿಂದ ಉಸಿರಾಟ ಸುಲಭವಾಗುವುದಿಲ್ಲ. ವಿಚಾರಣೆಯಿಲ್ಲದೆ ಸೆರೆಯಲ್ಲಿದ್ದವರ ಸಂಖ್ಯೆ ೧,೪೦,೦೦೦ ಎಂದು ಆಮ್ನೆಸ್ಟಿ ಸಂಸ್ಥೆ ಲೆಕ್ಕ ಹೇಳಿತು. ವಿದೇಶೀ ಪತ್ರಕರ್ತರನ್ನು ಹೊರಗೆ ಕಳುಹಿಸಿದರು. ಲಂಡನ್ನಿನಲ್ಲಿ ಜಯಪ್ರಕಾಶ ನಾರಾಯಣರ ಬಿಡುಗಡೆಗಾಗಿ ಒಂದು ಆಂದೋಲನ ಎದ್ದಿತು. ೧೯೭೫ರ ಸ್ವಾತಂತ್ರ್ಯ ದಿನದಂದು ‘ಟೈಮ್ಸ್’ ಪತ್ರಿಕೆಯಲ್ಲಿ ಅದರ ಜಾಹಿರಾತು ಬಂದಿತು. ೧೯೭೬ರ ಜೂನ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ ಅಮೆರಿಕದ ಶಾಸನಸಭೆಯ ಉಪಸಮಿತಿಯೊಂದು ಭಾರತದ ಮಾನವ ಹಕ್ಕುಗಳ ಬಗ್ಗೆ ಸಾಕ್ಷ್ಯಗಳನ್ನು ಕೇಳಿತು. ಇವೆಲ್ಲಕ್ಕೂ ನಮ್ಮ ಸರ್ಕಾರ ಕೊಟ್ಟ ಉತ್ತರ, ಇದು ದೇಶದ ಆಂತರಿಕ ವಿಷಯ ಎಂಬುದು. ೧೯೪೬ರಲ್ಲಿ ದಕ್ಷಿಣ ಆಫ್ರಿಕ ಹೇಳಿದ ಮಾತೂ, ೧೯೭೧ರಲ್ಲಿ ಯಾಹ್ಯಾ ಖಾನರು ಹೇಳಿದ ಮಾತೂ ಅದೇ.

ಆ ಹೊರಗಿನ ಒತ್ತಡಕ್ಕೆ ಎಷ್ಟು ಬಲವಿದ್ದಿತೆಂಬುದಕ್ಕೆ ಜಾರ್ಜ್ ಫರ್ನಾಂಡಿಸರೇ ಸಾಕ್ಷಿ. ಅಣ್ಣನಿರುವ ಜಾಗವನ್ನು ಹೇಳೆಂದು ಅವರ ತಮ್ಮ ಲಾರೆನ್ಸ್ ಅವರನ್ನು ೧೯೭೬ರ ಮೇ ೧ರಂದು ಬೆಂಗಳೂರಿನಲ್ಲಿ ಹಿಡಿದು, ನಿಲ್ಲಲಾರದಂತೆ ಹೊಡೆದಿದ್ದರು. ತಾಯಿ ಆಲಿಸ್ ಅವರು ರಾಷ್ಟ್ರಪತಿಗಳಿಗೆ ಪತ್ರ ಬರೆದರು. ಜೂನ್ ೧೦ರಂದು ಕಲ್ಕತ್ತೆಯಲ್ಲಿ ಜಾರ್ಜ್ ಸಿಕ್ಕಿಬಿದ್ದಾಗ, ಅವರ ಜೀವಕ್ಕೇ ಅಪಾಯವೆಂದು ಸ್ನೇಹಿತರು ಹೊರದೇಶಗಳಿಗೆ ಸುದ್ದಿ ಮುಟ್ಟಿಸಿದರು. ಅವರಿಗೆ ವಕೀಲರ ಸಹಾಯ ಸಿಗಬೇಕು, ದೇಹಕ್ಕೆ ಅಪಾಯವಾಗಬಾರದು ಎಂದು ಆಮ್ನೆಸ್ಟಿಯ ಸದಸ್ಯರು ತಂತಿ ಕಳುಹಿಸಿದರು. ಯುರೋಪಿನ ಸಮಾಜವಾದಿ ನಾಯಕರು ಇಂದಿರಾ ಗಾಂಧಿಯವರಿಗೆ ಎಚ್ಚರಿಕೆಯ ಮಾತು ಹೇಳಿದರು. ಅವರಲ್ಲಿ ಇದ್ದವರು ಯಾರು? ಐದು ವರ್ಷಗಳ ಹಿಂದೆ ಆಕೆಯೇ ಬಳಿಸಾರಿದ್ದ ಬ್ರಾಂಟ್ ಮತ್ತು ಕ್ರೈಸ್ಕಿಯವರೇ! ಜಾರ್ಜ್ ಬದುಕಿದರು, ಸೆರೆಯಿಂದಲೇ ಲೋಕಸಭೆಗೆ ಗೆದ್ದು ಸಚಿವರಾದರು.

ಸ್ನೇಹಲತಾ ಅವರ ಪರವಾಗಿ ಅಂತಹ ಕೂಗು ಏಳಲಿಲ್ಲ. ಏಕೆ ಎಂದು ನಾನು ಬಹಳವಾಗಿ ಯೋಚಿಸಿದ್ದೇನೆ. ನನಗೆ ತೋರುವುದು ಇಷ್ಟು. ಹೊರಲೋಕದ ಒತ್ತಡವು ಹೆಸರನ್ನು ಹಿಡಿದು ಬರುತ್ತದೆ. ಯಾರ ಹೆಸರು ಸಮುದ್ರ ದಾಟಿದೆಯೋ ಅವರಿಗೆ ಅದು ಗುರಾಣಿ. ಪಕ್ಷದ ನಾಯಕನಿಗೆ ಪರದೇಶದಲ್ಲಿ ಪಕ್ಷಗಳಿವೆ. ಮೆರ್ಕೂರಿಯಂತಹ ತಾರೆಗೆ ಪ್ಯಾರಿಸ್ಸಿನಲ್ಲಿ ಅಭಿಮಾನಿಗಳಿದ್ದಾರೆ. ಒಂದೇ ಒಂದು ಕನ್ನಡ ಚಿತ್ರದಿಂದ ನಾಡಿನವರ ಮನಸ್ಸಿನಲ್ಲಿ ನಿಂತ ನಟಿಗೆ ಕೂಗಬೇಕಾಗಿದ್ದವರು ನಾಡಿನವರೇ. ಆದರೆ ಪತ್ರಿಕೆಗಳ ಬಾಯಿ ಕಟ್ಟಿದ್ದಿತು. ನಾಡಿಗೆ ಸುದ್ದಿಯೇ ತಲುಪಲಿಲ್ಲ. ಆದುದರಿಂದ ಸುದ್ದಿಯನ್ನು ತಡೆಯುವುದು ಸಣ್ಣ ತಪ್ಪೆಂದು ಎಣಿಸಬಾರದು. ಬಂದಿಯ ಕೋಣೆಗೆ ಗಾಳಿ ಬರುವುದು ಆ ಕಿಂಡಿಯಿಂದಲೇ.

ಈ ವಿಷಯ ನಮ್ಮ ಸೀಮೆಯವರಿಗೆ ಇನ್ನೂ ಒಂದು ಕಾರಣದಿಂದ ಹತ್ತಿರವಾದುದು. ಆಗ ಕರ್ನಾಟಕದ ಮುಖ್ಯಮಂತ್ರಿಗಳಾಗಿದ್ದವರು ನಮ್ಮ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಡಿ. ದೇವರಾಜ ಅರಸರು. ನನ್ನ ಊರು ಕಟ್ಟೆಮಳಲವಾಡಿ. ಲಕ್ಷ್ಮಣತೀರ್ಥ ನದಿಗೆ ಕಟ್ಟಿದ ಕಟ್ಟೆಯ ನೀರು ನಾಲೆಯಲ್ಲಿ ಹರಿದು ಗದ್ದೆಗಳಿಗೆ ಬರುವ ಊರು. ೧೯೭೪ರ ಮಾರ್ಚ್ ೧ರಿಂದ ಜಾರಿಗೆ ಬಂದ ಭೂಸುಧಾರಣೆಯ ಕಾನೂನಿನಂತೆ ಏಳನೆಯ ನಮೂನೆಯ ಅರ್ಜಿ ಹಾಕಿ, ವಾರಕ್ಕೆ ಉಳುತ್ತಿದ್ದ ಗದ್ದೆಗೆ ಒಡೆಯರಾದವರಲ್ಲಿ ನಮ್ಮ ತಾತನೂ ಒಬ್ಬರು. ಆ ಗದ್ದೆಯ ಅನ್ನವನ್ನುಂಡೇ ನಾನು ಈ ಕಾಲೇಜಿಗೆ ಬಂದಿದ್ದೇನೆ. ನಮ್ಮ ಹಿರಿಯರಿಗೆ ಆ ವರ್ಷಗಳೆಂದರೆ ಭೂಮಿ ಬಂದ ವರ್ಷಗಳು, ಸಾಲದ ಋಣ ಹರಿದ ವರ್ಷಗಳು, ಜೀತ ಬಿಟ್ಟ ವರ್ಷಗಳು. ಅರಸರ ಹೆಸರನ್ನು ಅವರು ಕೈಮುಗಿದೇ ಹೇಳುತ್ತಾರೆ, ನಾನೂ ಹೇಳುತ್ತೇನೆ. ಆದರೆ ಅದೇ ವರ್ಷಗಳಲ್ಲಿ, ಅದೇ ಸರ್ಕಾರದ ಸೆರೆಮನೆಯಲ್ಲಿ, ಒಬ್ಬ ನಿರಪರಾಧಿ ಹೆಂಗಸು ಉಸಿರಿಗಾಗಿ ಒದ್ದಾಡುತ್ತಿದ್ದರೆಂಬುದೂ ನಿಜ. ಒಂದು ಸತ್ಯವನ್ನು ಇನ್ನೊಂದರಿಂದ ಒರಸಿಹಾಕಲು ಬರುವುದಿಲ್ಲ. ಗದ್ದೆಯನ್ನು ಕೊಟ್ಟುದಕ್ಕಾಗಿ ಸೆರೆಮನೆಯನ್ನು ಕ್ಷಮಿಸುವುದು, ಸೆರೆಮನೆಗಾಗಿ ಗದ್ದೆಯನ್ನು ಮರೆಯುವುದು, ಎರಡೂ ಲೆಕ್ಕ ತಪ್ಪಿದ ಮಾತು. ಉಪಕಾರ ಪಡೆದವರೇ ಮೊದಲು ಈ ಮಾತನ್ನಾಡಬೇಕು. ಬೇರೆಯವರು ಆಡಿದರೆ ಅದು ದ್ವೇಷವೆಂದು ತಳ್ಳಿಬಿಡುವುದು ಸುಲಭ.

ಕಾಯಿಲೆ ಕೈಮೀರಿದ ಮೇಲೆ, ೧೯೭೭ರ ಜನವರಿ ೧೫ರಂದು, ಸ್ನೇಹಲತಾ ಅವರನ್ನು ಪೆರೋಲಿನ ಮೇಲೆ ಹೊರಬಿಟ್ಟರು. ಜನವರಿ ೧೮ರಂದು ಲೋಕಸಭೆಗೆ ಚುನಾವಣೆ ನಡೆಯುವುದೆಂದು ಪ್ರಧಾನಿ ಸಾರಿದರು. ಬಂದಿಗಳ ಬಿಡುಗಡೆ ಪ್ರಾರಂಭವಾಯಿತು. ಜನವರಿ ೨೦ರಂದು ಸ್ನೇಹಲತಾ ಅವರು ಕಣ್ಣುಮುಚ್ಚಿದರು. ಆಗ ಅವರಿಗೆ ಸುಮಾರು ೪೪ ವರ್ಷ. ಮಾರ್ಚ್ ೨೧ರಂದು ತುರ್ತು ಪರಿಸ್ಥಿತಿ ಕೊನೆಗೊಂಡಿತು. ಚುನಾವಣೆ ಸಾರಲು ಪ್ರಧಾನಿಗೆ ಹಲವು ಕಾರಣಗಳಿದ್ದಿರಬೇಕು. ಪ್ರಜಾಪ್ರಭುತ್ವವಾದಿ ಎಂದು ಹೊರದೇಶಗಳಲ್ಲಿ ತಮಗಿದ್ದ ಹೆಸರು ಕೆಡುತ್ತಿದ್ದುದೂ ಅವುಗಳಲ್ಲಿ ಒಂದೆಂದು ನಂಬಲು ಆಧಾರವಿದೆ. ಬರೋಡಾ ಮೊಕದ್ದಮೆಯನ್ನು ಹೊಸ ಸರ್ಕಾರ ಹಿಂತೆಗೆದುಕೊಂಡಿತು. ಸ್ನೇಹಲತಾ ಅವರ ದಿನಚರಿ ೧೯೭೭ರಲ್ಲಿಯೇ ಪುಸ್ತಕವಾಗಿ ಹೊರಬಂದಿತು. ಅದೇ ವರ್ಷ ಆಮ್ನೆಸ್ಟಿ ಸಂಸ್ಥೆಗೆ ನೊಬೆಲ್ ಶಾಂತಿ ಪಾರಿತೋಷಕ ಬಂದಿತು.

ಆಕೆಯ ನಂತರ ಏನಾಯಿತು? ೧೯೭೮ರ ೪೪ನೆಯ ತಿದ್ದುಪಡಿಯಿಂದ, ಯಾವ ತುರ್ತು ಪರಿಸ್ಥಿತಿಯಲ್ಲಿಯೂ ಜೀವ ಮತ್ತು ದೇಹ ಸ್ವಾತಂತ್ರ್ಯದ ಹಕ್ಕಿಗಾಗಿ ನ್ಯಾಯಾಲಯಕ್ಕೆ ಹೋಗುವುದನ್ನು ತಡೆಯಲಾಗದಂತೆ ಸಂವಿಧಾನ ಭದ್ರವಾಯಿತು. ೧೯೭೯ರ ಏಪ್ರಿಲ್‌ನಲ್ಲಿ ಭಾರತವು ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಗೆ ಸೇರಿತು. ಎಂದರೆ ಈ ವಿಷಯದಲ್ಲಿ ಲೋಕ ನಮ್ಮನ್ನು ಕೇಳಬಹುದೆಂದು ನಾವೇ ಬರೆದುಕೊಟ್ಟೆವು. ೨೦೧೭ರಲ್ಲಿ, ಕರ್ನಾಟಕದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ದಾವೆಯಲ್ಲಿ, ಸುಪ್ರೀಂ ಕೋರ್ಟು ೧೯೭೬ರ ಆ ತೀರ್ಪು ತಪ್ಪೆಂದು ಸಾರಿ ಅದನ್ನು ರದ್ದುಮಾಡಿತು. ಅದಕ್ಕೆ ೪೧ ವರ್ಷ ಹಿಡಿಯಿತು. ಚಿತ್ರಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ ೧೯೯೭ರಲ್ಲಿ ನಮ್ಮ ದೇಶ ಸಹಿ ಹಾಕಿತಾದರೂ ಅದನ್ನು ಸ್ಥಿರೀಕರಿಸುವ ಕೆಲಸ ಮಾತ್ರ ಉಳಿದುಕೊಂಡೇ ಬಂದಿದೆ.

ಮಿತ್ರರೆ, ನಾವು ಬರ್ಮಾ, ಚಿಲಿ, ಗ್ರೀಸ್ ದೇಶಗಳ ಸರ್ವಾಧಿಕಾರಿಗಳನ್ನು ಕುರಿತು ಚರ್ಚಾಕೂಟಗಳಲ್ಲಿ ಆವೇಶದಿಂದ ಮಾತನಾಡುತ್ತೇವೆ, ಮಾತನಾಡಬೇಕಾದುದೇ. ದೂರದ ಸೆರೆಮನೆಯ ಬಂದಿಗಾಗಿ ಒಂದು ಕಾಗದ ಬರೆಯುವುದು ವ್ಯರ್ಥವಲ್ಲವೆಂದು ಜಾರ್ಜ್ ಫರ್ನಾಂಡಿಸರ ಬದುಕು ತೋರಿಸಿದೆ. ಆದರೆ ನೆರೆಯ ಬೀದಿಯ ಸೆರೆಮನೆಯಿಂದ ಕೂಗು ಕೇಳಿಬಂದಾಗ, ಅದನ್ನು ಹೊರದೇಶದವರು ಬಂದು ಹೇಳಲೆಂದು ಕಾಯಬಾರದೆಂಬುದನ್ನು ಸ್ನೇಹಲತಾ ಅವರ ಸಾವು ಹೇಳುತ್ತಿದೆ. ತೆರೆಯ ಮೇಲೆ ಆಕೆ ಆಡಿದ ಪಾತ್ರವು, ಶಾಸ್ತ್ರಿಗಳೆಲ್ಲ ಕೈಚೆಲ್ಲಿ ಕುಳಿತಿರುವಾಗ ತನ್ನ ಪಾಲಿನ ಕರ್ತವ್ಯವನ್ನು ತಾನೇ ಮಾಡಿ ಮುಗಿಸಿದ ಹೆಣ್ಣಿನದು. ಸೆರೆಮನೆಯಲ್ಲಿಯೂ ಆಕೆ ನಡೆದುಕೊಂಡುದು ಹಾಗೆಯೇ. ಆ ತಾಯಿಯ ನೆನಪಿಗೆ ನಮ್ಮೆಲ್ಲರ ನಮಸ್ಕಾರಗಳು ಸಲ್ಲಲಿ.